ಹದಿನೇಳಕ್ಕೆ ಒಂದು ಬೊಕೆ

ಜುಲೈ 3

ಹೂವಿನಂಗಡಿಯ ಮಾಲೀಕರಿಗೆ,

ನಮಸ್ಕಾರ. ನಾನು ಇಲ್ಲಿ ಕ್ಷೇಮ. ನೀವೂ ಕ್ಷೇಮವೆಂದು ನಂಬಿದ್ದೇನೆ. ಊಟ ಚೆನ್ನಾಗಿದೆ, ಓದು ಚೆನ್ನಾಗಿ ಸಾಗಿದೆ.

ಸಾರಿ, ಮೇಲಿನದು ಅಭ್ಯಾಸಬಲ. ಎಂಟು ವರ್ಷ ಹಾಸ್ಟೆಲ್ ಶಾಲೆಯಲ್ಲಿ ಓದಿದವಳು ನಾನು. ಕಾಗದ ಅಂದರೆ ಸಾಕು, ಕೈ ತಾನಾಗಿ ಹಾಗೆ ಶುರು ಮಾಡಿಬಿಡುತ್ತದೆ. ಈಗ ಕಾಲೇಜಿನ ಮೊದಲ ವರ್ಷ. ನಿಮ್ಮೂರಿಂದ ಬಸ್ಸಿನಲ್ಲಿ ಏಳು ಗಂಟೆ ದೂರ ಇದ್ದೇನೆ. ಮೊನ್ನೆ ನಿಮ್ಮ ಅಂಗಡಿಗೆ ಫೋನ್ ಮಾಡಿ ಮೂರು ಸಲ ಹಲೋ ಅಂದು ಇಟ್ಟವಳು ನಾನೇ. ಗುರುತಿಲ್ಲದವರ ಜೊತೆ ಫೋನಿನಲ್ಲಿ ಮಾತಾಡಬೇಕೆಂದರೆ ಮಾತುಗಳೆಲ್ಲ ಗಂಟಲಲ್ಲೇ ಕ್ಯೂ ನಿಲ್ಲುತ್ತವೆ. ಅದಕ್ಕೇ ಈ ಕಾಗದ.

'ಬೆಳಿಗ್ಗೆ ಕಟ್ಟಿದ ಬೊಕೆ ಮಧ್ಯಾಹ್ನದೊಳಗೆ ಮನೆ ಬಾಗಿಲಿಗೆ, ಊರೊಳಗೆ ಮಾತ್ರ' ಎಂದು ನಿಮ್ಮ ಜಾಹೀರಾತಿನಲ್ಲಿದೆ. ನನ್ನ ಗೆಳತಿ ನಿಮ್ಮೂರಿನವಳೇ. ನೀರಿನ ಟ್ಯಾಂಕಿನ ಹಿಂದಿನ ಬೀದಿ, ಹಸಿರು ಗೇಟು, ಮೊದಲ ಮಹಡಿ. ಕೆಳಗಡೆ ಹೊಲಿಗೆ ಅಂಗಡಿ ಇದೆ, ಅಲ್ಲಿನ ಟೈಲರಮ್ಮ ಅವಳ ತಾಯಿ.

ಹಳದಿ ಮತ್ತು ಬಿಳಿ ಜರ್ಬೆರಾ, ಒಟ್ಟು ಹತ್ತು. ಲಿಲಿ ಮಾತ್ರ ಬೇಡ. ಲಿಲಿ ಇದ್ದ ಕೋಣೆಯಲ್ಲಿ ನಾನು ಸೀನಿ ಸೀನಿ ಮುಖ ಊದಿಸಿಕೊಳ್ಳುತ್ತೇನೆ. ಅಯ್ಯೋ, ಬೊಕೆ ನನಗಲ್ಲವಲ್ಲ! ಆದರೂ ಬೇಡ.

ಕಾರ್ಡಿನಲ್ಲಿ ಹೀಗೆ ಬರೆಯಿರಿ: 'ಹದಿನೇಳಕ್ಕೆ. ನಾನು ಇಲ್ಲಿ ಕ್ಷೇಮ. ನೀನೂ ಕ್ಷೇಮವೆಂದು ನಂಬಿದ್ದೇನೆ. ಇಂತಿ, ಹದಿನೆಂಟು.'

ಹಾಸ್ಟೆಲ್ಲಿನಲ್ಲಿ ನಮ್ಮ ಬಟ್ಟೆಗಳಿಗೆ ನಂಬರ್ ಹೊಲಿದಿರುತ್ತಿದ್ದರು. ಅವಳದು ಹದಿನೇಳು, ನನ್ನದು ಹದಿನೆಂಟು. ಮಂಚಗಳೂ ಅದೇ ಸಾಲಿನಲ್ಲಿ. ಹೆಸರಿಗಿಂತ ಅದೇ ಹೆಚ್ಚು ನಾಲಿಗೆಗೆ ಬರುತ್ತಿತ್ತು.

ತಮ್ಮ ವಿಧೇಯ ವಿದ್ಯಾರ್ಥಿನಿ, ಅಲ್ಲ, ಗ್ರಾಹಕಿ,
ಹದಿನೆಂಟು


ಜುಲೈ 8

ಮೂರು ಸಲ ಹಲೋ ಅಂದವರಿಗೆ,

ಕಾಗದ ತಲುಪಿತು. ಅಂಗಡಿ ಇಟ್ಟು ಹದಿನಾರು ವರ್ಷವಾಯಿತು, ಅಂಚೆಯಲ್ಲಿ ಬೊಕೆ ಕೇಳಿದವರು ನೀವೇ ಮೊದಲು. ಫೋನಿನಲ್ಲಿ ಹೇಳಿದ್ದನ್ನು ನಾನು ಅರ್ಧ ಮರೆಯುತ್ತೇನೆ, ಆದ್ದರಿಂದ ನಿಮ್ಮ ಪದ್ಧತಿಯೇ ಚೆನ್ನ.

ಇನ್ನು ವಿಷಯಕ್ಕೆ ಬರುತ್ತೇನೆ. ಬೊಕೆ ವಾಪಸು ಬಂತು.

ನಮ್ಮ ಯಜಮಾನರು ಬಸ್ ಕಂಡಕ್ಟರ್ ಆಗಿದ್ದವರು. ಈಗ ಸ್ಕೂಟರಿನಲ್ಲಿ ಕಾಲ ಮಧ್ಯೆ ಬಕೆಟ್ ಇಟ್ಟುಕೊಂಡು ಬೊಕೆ ತಲುಪಿಸುತ್ತಾರೆ. ಅಂಗಡಿಯಿಂದ ಆರು ಕಿಲೋಮೀಟರ್, ಅಷ್ಟೇ. ಏಳನೆಯದಕ್ಕೆ ಹೋದರೆ ಹೂ ಬಾಡುತ್ತದಂತೆ. ಬಾಡುವುದು ಅವರ ಸೊಂಟ ಎಂದು ನನಗೆ ಗೊತ್ತು. ಬೊಕೆ ತೆಗೆದುಕೊಂಡವರ ಸಹಿ ಒಂದು ಪುಸ್ತಕದಲ್ಲಿ ಹಾಕಿಸುತ್ತಾರೆ. ತೆಗೆದುಕೊಳ್ಳದಿದ್ದರೆ ಬಾಗಿಲಲ್ಲಿ ಇಟ್ಟು ಬರುವುದಿಲ್ಲ, ವಾಪಸು ತರುತ್ತಾರೆ. ಆಮೇಲೆ ಬಾಗಿಲಲ್ಲಿ ನಡೆದದ್ದನ್ನು ಕಳಿಸಿದವರಿಗೆ ಇದ್ದದ್ದು ಇದ್ದ ಹಾಗೆ ತಿಳಿಸುವುದು ನನ್ನ ಕೆಲಸ. ಮುಚ್ಚಿಟ್ಟು ನನಗೆ ಅಭ್ಯಾಸವಿಲ್ಲ.

ಹುಡುಗಿಯೇ ಬಾಗಿಲು ತೆಗೆದಳಂತೆ.

"ಯಾರು ಕಳ್ಸಿರೋದು ಅಂಕಲ್?"

"ಹದಿನೆಂಟಂತಮ್ಮ."

ಕಾರ್ಡು ಓದಿದಳಂತೆ, ನಕ್ಕಳಂತೆ. "ಒಳ್ಳೇ ನಗು ಅಲ್ಲ ಕಣೇ ಅದು" ಅಂದರು ಯಜಮಾನರು.

"ಇನ್ನೂ ಬೋರ್ಡ್ ನೋಡ್ಕೊಂಡೇ ಬರೀತಿದಾಳೆ. ತಗೊಂಡ್ ಹೋಗಿ ಅಂಕಲ್, ನಿಮ್ದೇನೂ ತಪ್ಪಿಲ್ಲ."

ಪುಸ್ತಕದಲ್ಲಿ ಸಹಿಯ ಜಾಗದಲ್ಲಿ ಇವರು 'ಇಳಿಯಲಿಲ್ಲ' ಎಂದು ಬರೆದಿದ್ದಾರೆ. ಹಳೇ ಕೆಲಸದ ಭಾಷೆ. ಬೊಕೆಯನ್ನು ಎದುರಿನ ಹಲ್ಲಿನ ಡಾಕ್ಟರ ಶಾಪಿಗೆ ಕೊಟ್ಟೆವು. ಅಲ್ಲಿ ಕೂತವರಿಗೂ ಏನಾದರೂ ಸಮಾಧಾನ ಬೇಕಲ್ಲ.

ಯಾವ ಬೋರ್ಡು?

ಇಂತಿ,
ಹೂವಿನಂಗಡಿಯವಳು


ಜುಲೈ 14

ಡಿಯರ್ ಆಂಟಿ,

ನಿಮ್ಮ ಕಾಗದ ಓದಿ ಅರ್ಧ ದಿನ ಕ್ಲಾಸಿನಲ್ಲಿ ಏನೂ ಕೇಳಿಸಲಿಲ್ಲ.

ಬೋರ್ಡ್ ಅಂದರೆ ಕರಿಹಲಗೆ. ಭಾನುವಾರ ಹತ್ತರಿಂದ ಹನ್ನೊಂದು ನಮಗೆ ಕಾಗದದ ಪಿರಿಯಡ್. ವಾರ್ಡನ್ ಮೊದಲ ನಾಲ್ಕು ಸಾಲು ಬೋರ್ಡಿನ ಮೇಲೆ ಬರೆಯುತ್ತಿದ್ದರು: ನಾನು ಇಲ್ಲಿ ಕ್ಷೇಮ, ಊಟ ಚೆನ್ನಾಗಿದೆ. ಅದನ್ನು ನೋಡಿ ಬರೆದು, ಕೆಳಗೆ ನಮ್ಮದೇನಾದರೂ ಸೇರಿಸಿ, ಕವರನ್ನು ಅಂಟಿಸದೆ ಕೊಡಬೇಕು. ಅವರು ಓದಿ ಬೇಡದ್ದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ಅಂಚೆಗೆ ಹಾಕುತ್ತಿದ್ದರು. ಒಮ್ಮೆ ನಾನು 'ಹೊಟ್ಟೆನೋವು' ಎಂದು ಬರೆದಿದ್ದೆ. ಅಮ್ಮನಿಗೆ ತಲುಪಿದ್ದರಲ್ಲಿ ಅಲ್ಲೊಂದು ಕೆಂಪು ಗೆರೆ ಮಾತ್ರ ಇತ್ತು.

ಅದೇ ಸಾಲನ್ನು ಅವಳಿಗೇ ಕಳಿಸಿದ್ದೇನೆ ನೋಡಿ, ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ. ಕೆಟ್ಟ ಉದ್ದೇಶ ಖಂಡಿತ ಇರಲಿಲ್ಲ.

ನಮ್ಮಿಬ್ಬರ ನಡುವೆ ಒಂದು ಸಣ್ಣ ಮಿಸ್‌ಅಂಡರ್‌ಸ್ಟ್ಯಾಂಡಿಂಗ್ ಆಗಿದೆ, ಅಷ್ಟೆ. ಈ ಸಲ ದೊಡ್ಡ ಬೊಕೆ ಕಟ್ಟಿ, ಗುಲಾಬಿ ಬಣ್ಣದ ಕಾರ್ನೇಷನ್ ಇಪ್ಪತ್ತು ಇರಲಿ. ಕಾರ್ಡಿನಲ್ಲಿ ಒಂದೇ ಪದ: 'ಸಾರಿ'. ನಾನು ಬಿಡುವವಳಲ್ಲ ಆಂಟಿ, ಅವಳು ತೆಗೆದುಕೊಳ್ಳುವವರೆಗೆ ಕಳಿಸುತ್ತಲೇ ಇರುತ್ತೇನೆ.

ಇಂತಿ,
ಹದಿನೆಂಟು


ಜುಲೈ 20

ಹದಿನೆಂಟಕ್ಕೆ,

ಮೊದಲು ಒಂದು ಮಾತು. ಆಂಟಿ ಅನ್ನಬೇಡ. ನಮ್ಮ ಅಂಗಡಿಯ ಕನ್ನಡಿಯಲ್ಲಿ ಇನ್ನೂ ಅಕ್ಕನೇ ಕಾಣುತ್ತಾಳೆ. ಯಜಮಾನರು ಕನ್ನಡಿ ಒರೆಸಬೇಕು ಅನ್ನುತ್ತಾರೆ, ಅದು ಬೇರೆ ಮಾತು. ನೀನು ನನಗಿಂತ ಎಷ್ಟೋ ಚಿಕ್ಕವಳು, ಇನ್ನು ಮೇಲೆ ಏಕವಚನವೇ.

ಇಪ್ಪತ್ತು ಕಾರ್ನೇಷನ್ನೂ ಹಲ್ಲಿನ ಡಾಕ್ಟರಿಗೇ ಹೋದವು. ಈ ಸಲ ಟೈಲರಮ್ಮ ಮೆಟ್ಟಿಲಲ್ಲೇ ತಡೆದರಂತೆ. ಕತ್ತಿನಲ್ಲಿ ಅಳತೆ ಟೇಪು, ಬಾಯಲ್ಲಿ ಎರಡು ಗುಂಡುಪಿನ್ನು. ಪಿನ್ನು ತೆಗೆದು ಕಾರ್ಡು ಓದಿದರು.

"ಸಾರಿ ಅಂತೆ. ಯಾತಕ್ಕೆ ಸಾರಿ ಅಂತ ಬರ್ದಿದಾಳಾ?"

"ಇಲ್ಲಮ್ಮ, ಒಂದೇ ಪದ."

"ಬಸ್ಸಲ್ಲಿ ಕಾಲು ತುಳಿದ್ರೂ ಅಷ್ಟು ಹೇಳ್ತಾರೆ. ನೋಡಿ ಸ್ವಾಮಿ, ನಮಗೆ ಬೇಕಾಗಿರೋದು ಹೂವಲ್ಲ, ಒಂದು ಕಾಗದ. ಆ ಹುಡುಗಿ ಮನಸ್ಸು ಮಾಡಿದ್ರೆ ಹತ್ತು ನಿಮಿಷದಲ್ಲಿ ಬರೀಬಹುದು. ಅದು ಬಂದ್ರೆ ನೀವೂ ಬನ್ನಿ, ಚಹಾ ಕೊಡ್ತೀನಿ. ಬರದಿದ್ರೆ ಈ ಮೆಟ್ಲು ಹತ್ತಬೇಡಿ."

ಎಂಥೆಂಥಾ ಪ್ರಯಾಣಿಕರನ್ನು ನಡುರಸ್ತೆಯಲ್ಲಿ ಇಳಿಸಿದ ಮನುಷ್ಯ ಇವರು, ಈಗ ತಾವೇ ಇಳಿದು ಬಂದರು.

ಸಣ್ಣ ಮಿಸ್‌ಅಂಡರ್‌ಸ್ಟ್ಯಾಂಡಿಂಗ್ ಅಂದೆಯಲ್ಲ. ಸಣ್ಣದಕ್ಕೆ ಯಾರೂ ಅಷ್ಟು ಮೆತ್ತಗೆ ಮಾತಾಡುವುದಿಲ್ಲ. ಟೈಲರಮ್ಮ ಕೂಗಾಡಲಿಲ್ಲವಂತೆ. ಏನು ಮಾಡಿದೆ ಮಗಳೇ?

ಅಕ್ಕ


ಜುಲೈ 28

ಅಕ್ಕಾ,

ಪ್ಲೀಸ್, ಅದೊಂದನ್ನು ಕೇಳಬೇಡಿ. ಇನ್ನೊಂದು ಬೊಕೆ ಕಳಿಸಿ. ಹೂ ನಿಮ್ಮ ಇಷ್ಟದ್ದು. ಕಾರ್ಡು ಖಾಲಿ ಇರಲಿ.

ಹದಿನೆಂಟು


ಆಗಸ್ಟ್ 4

ಹದಿನೆಂಟಕ್ಕೆ,

ಬೊಕೆ ಕಟ್ಟಲಿಲ್ಲ. ಖಾಲಿ ಕಾರ್ಡು ಸಿಕ್ಕಿಸಿ ಕಳಿಸುವುದು ನಮ್ಮ ಅಂಗಡಿಯಲ್ಲಿಲ್ಲ. ಕೋಪ ಮಾಡಿಕೊಂಡರೆ ಮಾಡಿಕೋ.

ನಿನ್ನೆ ಟೈಲರಮ್ಮ ತಾವೇ ಅಂಗಡಿಗೆ ಬಂದರು. ನಮ್ಮವರನ್ನು ಮೆಟ್ಟಿಲಿಂದಲೇ ವಾಪಸು ಕಳಿಸಿದ್ದು ಮನಸ್ಸನ್ನು ಕೊರೆಯುತ್ತಿತ್ತಂತೆ. ಕೂರಿಸಿ ಚಹಾ ಕೊಟ್ಟೆ. ನಾನು ಎಲೆ ಕೀಳುತ್ತಿದ್ದೆ, ಅವರೂ ಸುಮ್ಮನೆ ಕೈ ಹಾಕಿದರು. ಕೆಳಗಿನ ಎಲೆ ಕೀಳದಿದ್ದರೆ ಬಕೆಟ್ಟಿನ ನೀರಲ್ಲಿ ಕೊಳೆಯುತ್ತದೆ, ಅದು ಅವರಿಗೂ ಹೇಗೋ ಗೊತ್ತಿತ್ತು. ಕೈಗೆ ಕೆಲಸ ಸಿಕ್ಕಿದ ಮೇಲೆ ಬಾಯಿ ಬಿಟ್ಟರು.

ಹುಡುಗಿಯನ್ನು ಪರೀಕ್ಷೆಗೆ ಎರಡು ತಿಂಗಳಿದೆ ಅನ್ನುವಾಗ ಶಾಲೆಯಿಂದ ಹೊರಗೆ ಹಾಕಿದರಂತೆ. ಮನೆಯಲ್ಲೇ ಕೂತು ಓದಿ, ಹೊರಗಿನಿಂದ ಪರೀಕ್ಷೆ ಕಟ್ಟಿ ಪಾಸಾಗಿದ್ದಾಳೆ, ಅದೂ ಒಳ್ಳೆಯ ಅಂಕ. ಆದರೆ ನಡತೆಯ ಸರ್ಟಿಫಿಕೇಟಿನಲ್ಲಿ 'ದುರ್ನಡತೆಗಾಗಿ ಹೊರಹಾಕಲಾಗಿದೆ' ಎಂದಿದೆ. ನಾಲ್ಕು ಕಾಲೇಜಿನವರು ಅಂಕಪಟ್ಟಿ ನೋಡಿ ನಕ್ಕು, ಮುಂದಿನ ಹಾಳೆ ತಿರುಗಿಸಿ ಮುಖ ಗಂಟಿಕ್ಕಿದರಂತೆ. ಉಳಿದಿರುವುದು ಒಂದೇ ಕಾಲೇಜು, ಆಗಸ್ಟ್ 31ರವರೆಗೆ.

"ಯಾಕೆ ಹೊರಗೆ ಹಾಕಿದ್ರು?" ಅಂತ ಕೇಳಿದೆ.

"ಅದನ್ನ ನನ್ ಮಗಳೂ ನನಗೆ ಪೂರ್ತಿ ಹೇಳಿಲ್ಲ. ಹದಿನೆಂಟಕ್ಕೆ ಗೊತ್ತು, ಅವಳೇ ಹೇಳ್ಲಿ ಅಂತಾಳೆ."

ಬೊಕೆ ಕಟ್ಟುವ ಮುಂಚೆ ಪ್ರತಿ ಕಾಂಡದ ತುದಿಯನ್ನೂ ನೀರೊಳಗೆ ಹಿಡಿದು ಓರೆಯಾಗಿ ಕತ್ತರಿಸುತ್ತೇನೆ. ಕತ್ತರಿಸದಿದ್ದರೆ ನೀರು ಏರುವುದಿಲ್ಲ, ಸಂಜೆಗೆ ಹೂ ಕತ್ತು ಬಗ್ಗಿಸುತ್ತದೆ. ನಿನಗೆ ಬುದ್ಧಿ ಹೇಳುತ್ತಿಲ್ಲ, ನನ್ನ ಕೆಲಸ ಹೇಳುತ್ತಿದ್ದೇನೆ.

ಅಕ್ಕ


ಆಗಸ್ಟ್ 12

ಅಕ್ಕಾ,

ಹೇಳುತ್ತೇನೆ. ನಡುವೆ ನಿಲ್ಲಿಸಿದರೆ ಮತ್ತೆ ಬರೆಯಲಾರೆ, ಆದ್ದರಿಂದ ಅಕ್ಷರ ಕೆಟ್ಟದಾಗಿದ್ದರೆ ಕ್ಷಮಿಸಿ.

ಜನವರಿಯಲ್ಲಿ ನಮ್ಮ ಹಾಸ್ಟೆಲ್ಲಿನಲ್ಲಿ ಏಳನೇ ಕ್ಲಾಸಿನ ಒಂದು ಮಗುವಿಗೆ ಜ್ವರ ಬಂದಿತ್ತು. ನಾಟಕ ಮಾಡುತ್ತಿದ್ದಾಳೆ ಎಂದು ವಾರ್ಡನ್ ಅವಳನ್ನು ಬಿಸಿಲಿನಲ್ಲಿ ನಿಲ್ಲಿಸಿದರು. ಮಗು ಬಿತ್ತು, ಹಲ್ಲು ಮುರಿಯಿತು. ಭಾನುವಾರ ಅವಳು ಮನೆಗೆ ಬರೆದ ಕಾಗದದಲ್ಲಿ ಅಷ್ಟೂ ಸಾಲು ಕೆಂಪಾಯಿತು. ನನಗೆ ತಡೆಯಲಾಗಲಿಲ್ಲ. ಶಾಲೆಯ ಟ್ರಸ್ಟಿನ ಅಧ್ಯಕ್ಷರಿಗೆ ಎರಡು ಪುಟದ ದೂರು ಬರೆದೆ. ಕೈಬರಹ ಗೊತ್ತಾಗಬಾರದೆಂದು ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದೆ, ಸಹಿ ಹಾಕಲಿಲ್ಲ. ಎಲ್ಲ ಬರೆದೆ ಅಕ್ಕ, ಕಳಿಸುವ ಧೈರ್ಯ ಮಾತ್ರ ಬರಲಿಲ್ಲ.

ಹದಿನೇಳು ಕಣ್ಣಿನ ಪರೀಕ್ಷೆಗೆಂದು ಪೇಟೆಗೆ ಹೊರಟಿದ್ದಳು. "ಕೊಡೇ ಇಲ್ಲಿ. ನೀನು ಬರೀ, ನಾನು ಹಾಕ್ತೀನಿ. ಅರ್ಧ ಅರ್ಧ ಪುಣ್ಯ" ಎಂದು ಕಿತ್ತುಕೊಂಡು ಬ್ಯಾಗಿಗೆ ಹಾಕಿಕೊಂಡಳು. ಗೇಟಿನಲ್ಲಿ ಬ್ಯಾಗು ತಪಾಸಣೆ ಮಾಡಿದರು.

ನಮ್ಮೆಲ್ಲರನ್ನೂ ಊಟದ ಹಾಲಿನಲ್ಲಿ ಸಾಲಾಗಿ ನಿಲ್ಲಿಸಿದರು, ನಂಬರಿನ ಪ್ರಕಾರ. ನಾನು ಅವಳ ಪಕ್ಕದಲ್ಲೇ ಇದ್ದೆ. ಬರೆದವರು ಯಾರು ಎಂದು ಕೇಳಿದರು. ಅವಳು "ನಾನೇ ಮಿಸ್" ಅಂದಳು. ಅಂದು ನನ್ನ ಕಡೆ ತಿರುಗಿದಳು. ನನಗಾಗಿ ಸುಳ್ಳು ಹೇಳಿದ್ದಲ್ಲ ಅದು, ನಾನು ಬಾಯಿ ತೆಗೆಯಲಿ ಎಂದು ಒಂದು ನಿಮಿಷ ಗಳಿಸಿಕೊಟ್ಟದ್ದು. ಎಂಟು ವರ್ಷ ಪಕ್ಕದ ಮಂಚದಲ್ಲಿ ಮಲಗಿದವಳು, ಅಷ್ಟು ನನಗೆ ಅರ್ಥವಾಗುತ್ತದೆ. ನಾನು ನನ್ನ ಬೂಟಿನ ಲೇಸು ನೋಡುತ್ತ ನಿಂತೆ. ಎಡಗಾಲಿನದು ಬಿಚ್ಚಿತ್ತು.

ಮಾರನೆಯ ದಿನ ಅವಳ ಮಂಚದ ಮೇಲೆ ಹಾಸಿಗೆ ಸುರುಳಿ ಸುತ್ತಿಟ್ಟಿದ್ದರು.

ಈಗ ನನ್ನ ಸ್ಥಿತಿ ಕೇಳಿ. ಇಲ್ಲಿ ನನಗೆ ಸಿಕ್ಕಿರುವ ಹಾಸ್ಟೆಲ್ ಕೋಣೆ ಆ ಶಾಲೆಯ ಹೆಡ್‌ಮಿಸ್ಟ್ರೆಸ್ ಕೊಟ್ಟ ಶಿಫಾರಸಿನ ಮೇಲೆ. ಅದರಲ್ಲಿ 'ಪ್ರಾಮಾಣಿಕ ಹುಡುಗಿ' ಎಂದಿದೆ. ನಾನು ಬಾಯಿ ಬಿಟ್ಟರೆ ಅದು ಹೋಗುತ್ತದೆ, ಇನ್ನೇನೇನು ಹೋಗುತ್ತದೋ ಗೊತ್ತಿಲ್ಲ. ಅಮ್ಮನಿಗೆ ಇದ್ಯಾವುದೂ ತಿಳಿಯದು. ಅವರಿಗೆ ಎಂಟು ವರ್ಷವೂ ನಾನು ಇಲ್ಲಿ ಕ್ಷೇಮ.

ನೀವು ಇದನ್ನು ಓದಿದ ಮೇಲೂ ನನ್ನನ್ನು ಮಗಳೇ ಅನ್ನುತ್ತೀರಾ?

ಹದಿನೆಂಟು


ಆಗಸ್ಟ್ 16

ಅಕ್ಕಾ,

ನಿಮ್ಮ ಉತ್ತರಕ್ಕೆ ಕಾಯಲಿಲ್ಲ. ನೀವು ಬರೆ ಅಂದರೆ ನಿಮ್ಮ ಮಾತಿಗೆ ಬರೆದಂತೆ ಆಗುತ್ತಿತ್ತು, ಬೇಡ ಅಂದರೆ ಖುಷಿಯಾಗಿ ಬಿಟ್ಟುಬಿಡುತ್ತಿದ್ದೆ.

ಹನ್ನೊಂದು ಹಾಳೆ ಹಾಳಾದವು. ಹನ್ನೊಂದರಲ್ಲೂ ಕೈ 'ನಾನು ಇಲ್ಲಿ ಕ್ಷೇಮ' ಎಂದೇ ಶುರು ಮಾಡಿತು. ಹನ್ನೆರಡನೆಯದರಲ್ಲಿ ಮೊದಲ ಸಾಲು ಹೀಗಿದೆ: 'ಜನವರಿಯ ಆ ದೂರನ್ನು ಬರೆದವಳು ನಾನು. ಹದಿನೇಳನೇ ನಂಬರಿನ ವಿದ್ಯಾರ್ಥಿನಿ ಬರೆದದ್ದಲ್ಲ.' ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ ಎಂಬುದನ್ನೂ ಹಾಕಿದ್ದೇನೆ. ಊಟದ ಹಾಲಿನಲ್ಲಿ ಸುಮ್ಮನೆ ನಿಂತದ್ದನ್ನೂ ಹಾಕಿದ್ದೇನೆ. ಕೆಳಗೆ ನನ್ನ ಪೂರ್ತಿ ಹೆಸರು, ಸಹಿ.

ಒಂದು ಪ್ರತಿ ಹೆಡ್‌ಮಿಸ್ಟ್ರೆಸ್ಸಿಗೆ, ಒಂದು ಟ್ರಸ್ಟಿನ ಅಧ್ಯಕ್ಷರಿಗೆ, ಎರಡೂ ರಿಜಿಸ್ಟರ್ಡ್ ಅಂಚೆಯಲ್ಲಿ ಹೋದವು. ಮೂರನೆಯದು ಅಮ್ಮನಿಗೆ. ನಾಲ್ಕನೆಯದನ್ನು, ಅಂಚೆಯ ರಸೀದಿಗಳ ಜೊತೆ, ಇದರಲ್ಲಿಟ್ಟಿದ್ದೇನೆ. ಅವಳಿಗೆ ತಲುಪಿಸಿ. ಕವರು ಅಂಟಿಸಿಲ್ಲ, ನೀವೂ ಓದಬಹುದು.

ಹೂ ಬೇಡ ಅಕ್ಕ. ಇಷ್ಟು ಸಾಕು.

ಹದಿನೆಂಟು


ಆಗಸ್ಟ್ 21

ಮಗಳೇ,

ಉತ್ತರ ಮೇಲೆಯೇ ಇದೆ ನೋಡು.

ನಿನ್ನ ಕವರನ್ನು ನಾನು ಓದಲಿಲ್ಲ. ಅಂಟಿಸಿದೆ. ನಿನ್ನ ಕಾಗದಗಳನ್ನು ಬೇರೆಯವರು ಓದಿದ್ದು ಸಾಕು.

ಯಜಮಾನರದು ಒಂದು ತಕರಾರು. "ಬರೀ ಕವರು ಕೊಡೋಕೆ ನಾನೇನು ಪೋಸ್ಟ್‌ಮ್ಯಾನಾ? ಒಂದಾದ್ರೂ ಹೂ ಇಡೇ." ಒಂದು ಬಿಳಿ ಜರ್ಬೆರಾ ಕೊಟ್ಟೆ. ಕಾಂಡಕ್ಕೆ ಒದ್ದೆ ಹತ್ತಿ ಸುತ್ತಿ, ಕವರಿಗೆ ಕಟ್ಟಿದೆ. ನಿನ್ನ ಲೆಕ್ಕಕ್ಕಲ್ಲ, ನಮ್ಮದು.

ಹುಡುಗಿ ಮೆಟ್ಟಿಲ ಮೇಲೆ ಕೂತು ಓದಿದಳಂತೆ. ಇವರು ಎರಡು ಮೆಟ್ಟಿಲು ಕೆಳಗೆ ನಿಂತಿದ್ದರು. ಹೊಲಿಗೆ ಮೆಷಿನ್ನಿನ ಸದ್ದು ನಿಂತಿತಂತೆ. ಒಂದು ಸಲ ಓದಿ, ಮತ್ತೆ ಮೊದಲಿಂದ ಓದಿದಳಂತೆ. ಆಮೇಲೆ ಕೈ ಚಾಚಿದಳು.

"ಪುಸ್ತಕ ಕೊಡಿ ಅಂಕಲ್."

ಸಹಿಯ ಜಾಗದಲ್ಲಿ '17' ಎಂದಿದೆ. ಹೂವನ್ನು ತೆಗೆದುಕೊಂಡಳೋ ಎಂದು ನಾನು ಕೇಳಿದೆ. "ಕಿವಿ ಹಿಂದೆ ಸಿಕ್ಕಿಸ್ಕೊಳ್ಳೋಕೆ ನೋಡಿದ್ಲು, ದೊಡ್ಡದಾಯ್ತು. ಅಮ್ಮನ ಕೈಗೆ ಕೊಟ್ಲು" ಅಂದರು. ಚಹಾ ಸಿಕ್ಕಿತಂತೆ, ಅದನ್ನು ಮೂರು ಸಲ ಹೇಳಿದರು.

ಅಕ್ಕ


ಆಗಸ್ಟ್ 30

ಅಕ್ಕಾ,

ಹೆಡ್‌ಮಿಸ್ಟ್ರೆಸ್ ನನ್ನ ಶಿಫಾರಸನ್ನು ವಾಪಸು ತೆಗೆದುಕೊಂಡಿದ್ದಾರೆ. ಇಲ್ಲಿನ ಹಾಸ್ಟೆಲ್ ಆಫೀಸಿನಲ್ಲಿ ನನ್ನನ್ನು ಕರೆದು, ಈ ಟರ್ಮ್ ಮುಗಿದ ಮೇಲೆ ಕೋಣೆ ಖಾಲಿ ಮಾಡಬೇಕು ಅಂದರು. ಸೀಟು ಉಳಿಯುತ್ತದೆ, ಅದು ಅಂಕದ ಮೇಲೆ ಸಿಕ್ಕಿದ್ದು. ನಾಲ್ಕು ದಿನದಿಂದ ಕ್ಲಾಸು ಮುಗಿದ ಮೇಲೆ ಬೀದಿ ಬೀದಿ ಸುತ್ತಿ ಕೋಣೆ ಹುಡುಕುತ್ತಿದ್ದೇನೆ. ಗುರುತಿಲ್ಲದವರಿಗೆ ಫೋನ್ ಮಾಡಿ, ಹಲೋ ಅಂದ ಮೇಲೂ ಮಾತಾಡುತ್ತಿದ್ದೇನೆ. ನಿನ್ನೆ ಒಬ್ಬ ಮನೆಯೊಡತಿಯ ಜೊತೆ ಬಿಸಿನೀರಿಗಾಗಿ ಜಗಳವನ್ನೂ ಆಡಿದೆ. ಗೆದ್ದೆ.

ಅಮ್ಮನಿಂದ ಎರಡು ಸಾಲಿನ ಕಾಗದ ಬಂತು. 'ಆ ಕೆಂಪು ಗೆರೆಗಳನ್ನು ನಾನೂ ನೋಡುತ್ತಿದ್ದೆ. ಕೇಳಲಿಲ್ಲ, ನನ್ನದೂ ತಪ್ಪು.' ಅದನ್ನು ದಿಂಬಿನ ಕೆಳಗಿಟ್ಟಿದ್ದೇನೆ.

ನಾಳೆ 31. ಹದಿನೇಳರ ಸುದ್ದಿ ನೀವು ಬರೆದಿಲ್ಲ. ಕೆಟ್ಟದ್ದಾಗಿದ್ದರೂ ಬರೆಯಿರಿ. ಸೀಟು ಸಿಗದಿದ್ದರೆ ನಾನೇ ಆ ಶಾಲೆಯ ಬಾಗಿಲಿಗೆ ಹೋಗಿ ಕೂರುವವಳು.

ಹದಿನೆಂಟು


ಸೆಪ್ಟೆಂಬರ್ 4

ಮಗಳೇ,

ನೀನು ಕೂರಬೇಕಾಗಿಲ್ಲ. ಟೈಲರಮ್ಮ ಆಗಲೇ ಕೂತು ಬಂದರು.

ನಿನ್ನ ಪ್ರತಿ ಹಿಡಿದುಕೊಂಡು ಶಾಲೆಗೆ ಹೋಗಿ, ಬೆಳಿಗ್ಗೆ ಒಂಬತ್ತಕ್ಕೆ ಆಫೀಸಿನ ಬೆಂಚಿನ ಮೇಲೆ ಕೂತರಂತೆ. ಜೊತೆಗೆ ಯಾರದೋ ಮದುವೆಯ ರವಿಕೆ, ಕೈಹೊಲಿಗೆಗೆ. ನಾಳೆ ಬನ್ನಿ ಅಂದರಂತೆ. "ಪರವಾಗಿಲ್ಲ, ಇನ್ನೂ ಒಂದು ತೋಳಿದೆ" ಅಂದರಂತೆ. ನಾಲ್ಕೂವರೆಗೆ ಟ್ರಸ್ಟಿನ ಅಧ್ಯಕ್ಷರ ಫೋನು ಬಂತು, ಐದಕ್ಕೆ ಹೊಸ ಸರ್ಟಿಫಿಕೇಟು ಟೈಪಾಯಿತು. 29ನೇ ತಾರೀಕು ಹದಿನೇಳು ಕಾಲೇಜು ಸೇರಿದಳು.

ಇವತ್ತು ಅವಳೇ ಅಂಗಡಿಗೆ ಬಂದಿದ್ದಳು. ಕನ್ನಡಕ, ಉದ್ದ ಜಡೆ, ನಡಿಗೆ ಪೊಲೀಸಿನದು. ಬಕೆಟ್ಟುಗಳನ್ನೆಲ್ಲ ಒಂದು ಸುತ್ತು ನೋಡಿದಳು.

"ಒಂದು ಬೊಕೆ ಬೇಕು. ಹದಿನೆಂಟಕ್ಕೆ."

"ಅವಳೂರು ನಮ್ ಲಿಮಿಟ್ಟಲ್ಲಿ ಇಲ್ವಲ್ಲಮ್ಮ. ಆರು ಕಿಲೋಮೀಟರ್ ಅಷ್ಟೇ" ಅಂದೆ.

"ಗೊತ್ತು. ಅಂಕಲ್ ಹೇಳಿದಾರೆ. ಅದಕ್ಕೇ ಇಲ್ಲೇ ಕೊಡ್ತಿರೋದು. ಬೇಕಾದ್ರೆ ಅವಳೇ ಬಂದು ತಗೊಳ್ಲಿ."

"ಕೋಪ ಹೋಯ್ತಾ?"

"ಎಲ್ಲಿ ಹೋಗುತ್ತೆ ಅಕ್ಕ? ಅಷ್ಟೂ ಹಾಗೇ ಇದೆ. ಕಾಗದದಲ್ಲಿ ಬೈದ್ರೆ ಸಾಲಲ್ಲ, ಮುಖ ನೋಡಿ ಬೈಬೇಕು. ಮುಂದಿನ ಶನಿವಾರ ಹತ್ತು ಗಂಟೆಗೆ ನಾನಿಲ್ಲಿ ಇರ್ತೀನಿ."

ಯಾವ ಹೂ ಎಂದು ಕೇಳಿದೆ. ಜರ್ಬೆರಾ ತೋರಿಸಿದೆ, ಗುಲಾಬಿ ತೋರಿಸಿದೆ. ಎರಡಕ್ಕೂ ಬೇಡವೆಂದು ತಲೆ ಆಡಿಸಿ, ಸೀದಾ ಮೂಲೆಯ ಬಕೆಟ್ಟಿಗೆ ಬೆರಳು ತೋರಿಸಿದಳು.

"ಲಿಲಿ. ಅವತ್ತು ಇರೋದಷ್ಟೂ ಹಾಕಿ."

ಮೊದಲ ಸಲ ನಗು ಕಂಡೆ. ಈ ಸಲದ್ದು ಒಳ್ಳೆಯ ನಗುವೇ.

ಕಾರ್ಡಿಗೆ ಏನು ಬರೆಯಲಿ ಎಂದರೆ, ಏನೂ ಬೇಡ ಅಂದಳು. ಖಾಲಿ ಕಾರ್ಡು ನಾನು ಕಳಿಸುವುದಿಲ್ಲ ಎಂದು ಅವಳಿಗೂ ಹೇಳಿದೆ. ಪೆನ್ನು ಕಿತ್ತುಕೊಂಡು ಅವಳೇ ಏನೋ ಬರೆದು ಮಡಿಸಿಟ್ಟಿದ್ದಾಳೆ. ನಾನು ನೋಡಿಲ್ಲ. ಯಜಮಾನರು ಮಾತ್ರ ಅದರ ಸುತ್ತ ಬೆಕ್ಕಿನ ಹಾಗೆ ಓಡಾಡುತ್ತಿದ್ದಾರೆ. ಬೇಗ ಬಾ.

ಅಕ್ಕ


ಸೆಪ್ಟೆಂಬರ್ 8

ಅಕ್ಕಾ,

ಶನಿವಾರ ಹತ್ತಕ್ಕೆ ತಲುಪಬೇಕಾದರೆ ಬೆಳಗಿನ ಜಾವ ಮೂರು ಗಂಟೆಯ ಮೊದಲ ಬಸ್ಸು. ಟಿಕೆಟ್ಟು ಕೈಯಲ್ಲಿದೆ, ಕಿಟಕಿ ಪಕ್ಕದ ಸೀಟು. ಹೆದರಿಕೆ ಇದೆ. ಬೂಟಿನ ಲೇಸು ಎರಡೆರಡು ಸಲ ಕಟ್ಟಿ ಬರುತ್ತೇನೆ.

ಅವಳು ಬೈಯುವುದು ಮುಗಿಯುವವರೆಗೆ ಬೊಕೆ ಕೆಳಗಿಡುವುದಿಲ್ಲ. ಕರ್ಚೀಫು ನಾಲ್ಕು ತರುತ್ತಿದ್ದೇನೆ. ಯಾರಾದರೂ ಕೇಳಿದರೆ ಸೀನಿಗೆ ಎಂದು ಹೇಳಿ.

ಪುಸ್ತಕದಲ್ಲಿ ನನ್ನ ಸಹಿಗೆ ಜಾಗ ಬಿಟ್ಟಿರಲಿ.

ಬರುತ್ತಿರುವ,
ಹದಿನೆಂಟು